ಮನೆತನದ ಹೆಸರಿನಲ್ಲಿ ಒಂದು ಹಾಕಿ ಕಪ್

ಕೋಟೇಶ್ವರದ ಕೊಡಿಹಬ್ಬ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ವರ್ಷವಿಡೀ ಬಾಗಿಲು ಮುಚ್ಚಿರುವ ಮನೆಗಳಲ್ಲಿ ಆ ದಿನಗಳಲ್ಲಿ ದೀಪ ಉರಿಯುತ್ತದೆ. ಮುಂಬಯಿಯ ಹೋಟೆಲಿನವರು, ಬೆಂಗಳೂರಿನ ನೌಕರಿಯವರು ಕೋಟಿಲಿಂಗೇಶ್ವರನ ತೇರಿಗೆಂದು ಊರಿಗೆ ಬರುತ್ತಾರೆ. ಹೊಸದಾಗಿ ಮದುವೆಯಾದ ಜೋಡಿಗಳು ಕಬ್ಬಿನ ಕೊಡಿ ಹಿಡಿದು ಮನೆಗೆ ಹೋಗುತ್ತವೆ. ತೇರಿನ ಪೇಟೆಯಲ್ಲಿ ಎದುರಾದ ಹಿರಿಯರು ಹುಡುಗರನ್ನು ಕೇಳುವ ಮೊದಲ ಪ್ರಶ್ನೆ, ‘ನೀನು ಯಾರ ಮನೆಯವ?’ ಹೊಟ್ಟೆಪಾಡಿಗಾಗಿ ಚದುರಿದ ಜನರನ್ನು ವರ್ಷಕ್ಕೊಮ್ಮೆ ಸೇರಿಸುವ ಈ ಕೆಲಸವನ್ನು ನಮ್ಮಲ್ಲಿ ದೇವರ ಹಬ್ಬ ಮಾಡುತ್ತದೆ. ಘಟ್ಟದ ಮೇಲಿನ ಕೊಡಗಿನಲ್ಲಿ ಇದೇ ಕೆಲಸವನ್ನು ಒಂದು ಆಟ ಮಾಡುತ್ತಿದೆ. ಅದು ಹಾಕಿ.

ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿ ಎಂದರೆ ಪತ್ರಿಕೆ ಓದುವವರಿಗೆ ಹೊಸ ಹೆಸರಲ್ಲ. ಆದರೆ ಅದರ ವಿಶೇಷ ತಂಡಗಳ ಸಂಖ್ಯೆಯಲ್ಲಿ ಮಾತ್ರ ಇಲ್ಲ. ಇಲ್ಲಿ ಆಡುವುದು ಕ್ಲಬ್ಬುಗಳಲ್ಲ, ಶಾಲೆಗಳಲ್ಲ, ಇಲಾಖೆಗಳೂ ಅಲ್ಲ. ಆಡುವುದು ಮನೆತನಗಳು.

ಒಕ್ಕವೇ ತಂಡ

ಕೊಡವರಲ್ಲಿ ಪ್ರತಿಯೊಬ್ಬರೂ ಒಂದು ‘ಒಕ್ಕ’ಕ್ಕೆ ಸೇರಿದವರು. ಒಬ್ಬ ಮೂಲಪುರುಷನಿಂದ ಬಂದ ಕುಟುಂಬಗಳೆಲ್ಲ ಸೇರಿ ಒಂದು ಒಕ್ಕ. ಕುಂದಾಪುರದ ಕಡೆ ಅಳಿಯಸಂತಾನದವರ ‘ಬಳಿ’ ತಾಯಿಯ ಕಡೆಯಿಂದ ಬರುವಂತೆ, ಕೊಡವರ ಒಕ್ಕ ತಂದೆಯ ಕಡೆಯಿಂದ ಬರುತ್ತದೆ. ಒಕ್ಕಕ್ಕೆ ಒಂದು ಮೂಲಮನೆ ಇರುತ್ತದೆ, ಅದು ‘ಐನ್‌ಮನೆ’. ಒಕ್ಕದ ಹೆಸರು ವ್ಯಕ್ತಿಯ ಹೆಸರಿಗಿಂತ ಮೊದಲು ಬರುತ್ತದೆ. ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕ ಕಾರ್ಯಪ್ಪನವರು ಕೊಡಂದೇರ ಒಕ್ಕದವರು. 1973ರ ವಿಶ್ವಕಪ್‌ನಲ್ಲಿ ಭಾರತ ಹಾಕಿ ತಂಡದ ನಾಯಕರಾಗಿದ್ದ ಎಂ.ಪಿ. ಗಣೇಶ್ ಹೆಸರಿನ ಮೊದಲ ಅಕ್ಷರ ‘ಮೊಳ್ಳೇರ’ವನ್ನು ಸೂಚಿಸುತ್ತದೆ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದ ಎಂ.ಎಂ. ಸೋಮಯ್ಯ ಮನೆಯಪಂಡ ಒಕ್ಕದವರು.

ಕೊಡಗಿಗೆ ಹಾಕಿ ಬಂದದ್ದು ಬ್ರಿಟಿಷರ ಕಾಲದಲ್ಲಿ, ಸೇನೆ ಮತ್ತು ಶಾಲೆಗಳ ಮೂಲಕ. ಆದರೆ ಕೈಯಲ್ಲಿ ಕೋಲು ಹಿಡಿದು ಆಡುವುದು ಈ ನೆಲಕ್ಕೆ ಹೊಸದಾಗಿರಲಿಲ್ಲ. ಪುತ್ತರಿಯ ಹೊತ್ತಿಗೆ ಊರಿನ ‘ಮಂದ್’ನಲ್ಲಿ, ಎಂದರೆ ಊರಿನವರೆಲ್ಲ ಸೇರುವ ಬಯಲಿನಲ್ಲಿ, ಬೆತ್ತ ಹಿಡಿದು ಎದುರಾಳಿಯ ಕಾಲಿಗೆ ಹೊಡೆಯುವ ಪರೆಯ ಕಳಿ ಎಂಬ ಆಟವಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ, ಆ ಮೇಲೆ ಆಟೋಟ. ಮೈಗೂ ಮನಸ್ಸಿಗೂ ಒಗ್ಗಿದ್ದರಿಂದಲೇ ಹಾಕಿ ಬೇಗ ಬೇರು ಬಿಟ್ಟಿತು.

ಕರಡದ ಆರಂಭ

1997ರಲ್ಲಿ ಕರಡ ಗ್ರಾಮದಲ್ಲಿ ಮೊದಲ ಕೌಟುಂಬಿಕ ಪಂದ್ಯಾವಳಿ ನಡೆಯಿತು. ಇದನ್ನು ಯೋಚಿಸಿ ನಡೆಸಿದವರು ಪಾಂಡಂಡ ಕುಟ್ಟಪ್ಪ ಮತ್ತು ಅವರ ಸೋದರ ಕಾಶಿ ಪೊನ್ನಪ್ಪ. ಕುಟ್ಟಪ್ಪನವರು ಬ್ಯಾಂಕ್ ಉದ್ಯೋಗದಲ್ಲಿದ್ದವರು, ಹಾಕಿಯ ತೀರ್ಪುಗಾರರೂ ಆಗಿದ್ದವರು. ಕೊಡವ ಕುಟುಂಬಗಳನ್ನು ಒಂದೆಡೆ ಸೇರಿಸಿ ಪರಸ್ಪರ ಪರಿಚಯ ಬೆಳೆಸಬೇಕೆಂಬುದು ಅವರ ಉದ್ದೇಶವಾಗಿತ್ತು. ಆ ವರ್ಷ 60 ಕುಟುಂಬಗಳು ತಂಡ ಕಟ್ಟಿಕೊಂಡು ಬಂದವು.

ಮುಂದಿನ ವರ್ಷಗಳಲ್ಲಿ ಒಂದು ಪದ್ಧತಿ ಬೆಳೆಯಿತು. ಪ್ರತಿ ವರ್ಷ ಒಂದೊಂದು ಕುಟುಂಬ ಆತಿಥ್ಯದ ಹೊಣೆ ಹೊರುತ್ತದೆ. ಆ ವರ್ಷದ ಕಪ್ಪಿಗೆ ಆ ಕುಟುಂಬದ್ದೇ ಹೆಸರು. ಕೊಡವ ಹಾಕಿ ಅಕಾಡೆಮಿಯ ಮೇಲ್ವಿಚಾರಣೆಯಲ್ಲಿ ಆಟ ನಡೆಯುತ್ತದೆ. ನಾಪೋಕ್ಲು, ಪೊನ್ನಂಪೇಟೆ, ಅಮ್ಮತ್ತಿ, ವಿರಾಜಪೇಟೆ, ಮಡಿಕೇರಿ ಹೀಗೆ ಊರಿಂದ ಊರಿಗೆ ಅದು ಸುತ್ತುತ್ತದೆ. ಕಾಫಿ ಕೊಯ್ಲು ಮುಗಿದು, ಶಾಲೆಗಳಿಗೆ ಬೇಸಿಗೆ ರಜೆ ಬರುವ ಕಾಲವನ್ನೇ ಇದಕ್ಕೆ ಆರಿಸಿಕೊಂಡಿದ್ದಾರೆ. ಹೊರಗಿರುವವರು ರಜೆ ಹಾಕಿ ಬರಲು ಅದು ಅನುಕೂಲದ ಸಮಯ.

ಉದ್ಘಾಟನೆಯ ದಿನ ಕುಪ್ಯಚೇಲೆ ತೊಟ್ಟ ಗಂಡಸರು, ಹಿಂದಕ್ಕೆ ನೆರಿಗೆ ಹಾಕಿ ಸೀರೆ ಉಟ್ಟ ಹೆಂಗಸರು ವಾಲಗದೊಂದಿಗೆ ಮೆರವಣಿಗೆಯಲ್ಲಿ ಬರುತ್ತಾರೆ. ಮೈದಾನದಲ್ಲಿ ಕಾಣುವುದು ಇನ್ನೂ ವಿಚಿತ್ರ. ರಾಷ್ಟ್ರೀಯ ತಂಡಕ್ಕೆ ಆಡಿದವನ ಪಕ್ಕದಲ್ಲಿ, ಎಂದೂ ಪಂದ್ಯ ಆಡದ ಅವನ ಚಿಕ್ಕಪ್ಪ ನಿಂತಿರಬಹುದು. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಇರಬಹುದು. ಹೆಣ್ಣುಮಕ್ಕಳು ಗಂಡಸರ ಜತೆಗೇ ಆಡುತ್ತಾರೆ. ಎಲ್ಲೂ ಕಾಣದ ಈ ಮಿಶ್ರಣವನ್ನು ಸಾಧ್ಯ ಮಾಡಿರುವುದು ಒಂದೇ ನಿಯಮ: ತಂಡದಲ್ಲಿರುವವರು ಆ ಮನೆತನದವರಾಗಿರಬೇಕು. ಚೆನ್ನಾಗಿ ಆಡುವ ಹೊರಗಿನವನನ್ನು ಹಣ ಕೊಟ್ಟು ಕರೆತರುವಂತಿಲ್ಲ. ಇದ್ದವರಲ್ಲೇ ಹನ್ನೊಂದು ಜನರನ್ನು ಹೊಂದಿಸಬೇಕು. ಹೊಂದಿಸುವುದಕ್ಕಾಗಿ ಊರೂರಿಗೆ ದೂರವಾಣಿ ಮಾಡಬೇಕು. ಮಾತು ಬಿಟ್ಟ ದಾಯಾದಿಯನ್ನೂ ಕೇಳಬೇಕು. ಪಂದ್ಯಾವಳಿಯ ಅರ್ಧ ಕೆಲಸ ಅಲ್ಲಿಗೇ ಆದಂತೆ.

ಐರ್ಲೆಂಡಿನ ಒಂದು ಹೋಲಿಕೆ

ಇದಕ್ಕೆ ಹೋಲುವ ವ್ಯವಸ್ಥೆ ಪ್ರಪಂಚದಲ್ಲಿ ಬೇರೆಡೆ ಇದೆಯೇ? ಐರ್ಲೆಂಡಿನ ಹರ್ಲಿಂಗ್ ನೆನಪಾಗುತ್ತದೆ. ಅದೂ ಕೋಲು ಮತ್ತು ಚೆಂಡಿನ ಆಟವೇ. ಆದರೆ ಚೆಂಡನ್ನು ನೆಲದಲ್ಲಿ ಉರುಳಿಸುವುದಕ್ಕಿಂತ ಗಾಳಿಯಲ್ಲಿ ಹೊಡೆಯುವುದು ಹೆಚ್ಚು. ಹತ್ತೊಂಬತ್ತನೇ ಶತಮಾನದ ನಡುವೆ ಬಂದ ಭೀಕರ ಕ್ಷಾಮದಲ್ಲಿ ಐರ್ಲೆಂಡಿನ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಊರುಗಳು ಬರಿದಾದವು, ಆಟವೂ ಸೊರಗಿತು. 1884ರ ನವೆಂಬರ್ 1ರಂದು ಥರ್ಲ್ಸ್ ಎಂಬ ಊರಿನಲ್ಲಿ ಮೈಕೆಲ್ ಕ್ಯೂಸಾಕ್ ಮೊದಲಾದವರು ಸೇರಿ ಗೇಲಿಕ್ ಕ್ರೀಡಾ ಸಂಘವನ್ನು ಸ್ಥಾಪಿಸಿದರು. 1887ರಲ್ಲಿ ಕೌಂಟಿಗಳಲ್ಲಿ, ಅಂದರೆ ಅಲ್ಲಿನ ಜಿಲ್ಲೆಗಳಲ್ಲಿ, ಕ್ಲಬ್ ಪಂದ್ಯಾವಳಿಗಳು ಶುರುವಾದವು. ಜಿಲ್ಲೆ ಗೆದ್ದ ಕ್ಲಬ್ಬೇ ಆ ಜಿಲ್ಲೆಯ ಪರವಾಗಿ ದೇಶದ ಕಪ್ಪಿಗೆ ಆಡಬೇಕಿತ್ತು. 1888ರ ಏಪ್ರಿಲ್ 1ರಂದು ನಡೆದ ಮೊದಲ ಅಂತಿಮ ಪಂದ್ಯದಲ್ಲಿ ಟಿಪರರಿ ಜಿಲ್ಲೆಯ ಥರ್ಲ್ಸ್ ತಂಡ ಗಾಲ್ವೆ ಜಿಲ್ಲೆಯ ಮೀಲಿಕ್ ತಂಡವನ್ನು ಸೋಲಿಸಿತು.

ಆ ಕ್ಲಬ್ಬುಗಳಿಗೆ ಆಧಾರ ಚರ್ಚಿನ ವ್ಯಾಪ್ತಿಗೆ ಸೇರಿದ ಊರು. ಹುಟ್ಟಿದ ಊರಿನ ಪರವಾಗಿ, ಸಂಬಳವಿಲ್ಲದೆ ಆಡುವುದು ಇಂದಿಗೂ ಅಲ್ಲಿನ ಪದ್ಧತಿ. ಐರ್ಲೆಂಡಿನಲ್ಲಿ ಊರು ಮಾಡುವ ಕೆಲಸವನ್ನು ಕೊಡಗಿನಲ್ಲಿ ಒಕ್ಕ ಮಾಡುತ್ತದೆ. ಎರಡೂ ಕಡೆ ಆಟಗಾರನನ್ನು ಆರಿಸುವುದು ಅವನ ಬೆಲೆಯಲ್ಲ, ಅವನ ಹುಟ್ಟು.

ಏರುವ ಲೆಕ್ಕ, ಇಳಿಯುವ ಲೆಕ್ಕ

60 ತಂಡಗಳಿಂದ ಆರಂಭವಾದ ಕೂಟ 2018ರಲ್ಲಿ ನಾಪೋಕ್ಲುವಿನ ಕುಲ್ಲೇಟಿರ ಕಪ್ ಹೊತ್ತಿಗೆ ಮುನ್ನೂರನ್ನು ದಾಟಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮನೆ, ತೋಟ, ರಸ್ತೆಗಳು ಮಣ್ಣುಪಾಲಾದವು. ಹಿಂದೆಯೇ ಕೊರೊನಾ ಬಂತು. ಪಂದ್ಯಾವಳಿಯನ್ನು ಹುಟ್ಟುಹಾಕಿದ ಕುಟ್ಟಪ್ಪನವರು 2020ರಲ್ಲಿ ತೀರಿಕೊಂಡರು. ನಾಲ್ಕು ವರ್ಷ ನಿಂತಿದ್ದ ಕೂಟ 2023ರಲ್ಲಿ ಅಪ್ಪಚೆಟ್ಟೋಳಂಡ ಕಪ್ಪಿನೊಂದಿಗೆ ಮತ್ತೆ ನಡೆದಾಗ ತಂಡಗಳು ಕಡಿಮೆಯಾಗಿರಲಿಲ್ಲ, ಹೆಚ್ಚಾಗಿದ್ದವು. 2024ರ ಕುಂಡ್ಯೋಳಂಡ ಕಪ್ಪಿಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬ ನಡೆಸಿದ ಇಪ್ಪತ್ತೈದನೆಯ ಕೂಟಕ್ಕೆ 396 ತಂಡಗಳು ಹೆಸರು ಕೊಟ್ಟವು.

ಸೋತವರು ಹೊರಬೀಳುವ ಆಟದಲ್ಲಿ 396 ತಂಡಗಳೆಂದರೆ 395 ಪಂದ್ಯಗಳು. ಒಂದು ತಿಂಗಳಲ್ಲಿ ಮುಗಿಸಲು ದಿನಕ್ಕೆ ಹದಿಮೂರು ಪಂದ್ಯಗಳನ್ನಾದರೂ ಆಡಿಸಬೇಕು. ಮೈದಾನ, ಗ್ಯಾಲರಿ, ಊಟ, ತೀರ್ಪುಗಾರರು ಎಲ್ಲದರ ಹೊಣೆ ಒಂದು ಕುಟುಂಬದ್ದು. ಸರ್ಕಾರದ ನೆರವು ಸಿಗುತ್ತದಾದರೂ ಹೊರೆ ಸಣ್ಣದಲ್ಲ. ಕೂಟ ದೊಡ್ಡದಾದಷ್ಟೂ ಸಣ್ಣ ಒಕ್ಕಗಳು ಆತಿಥ್ಯ ವಹಿಸುವುದು ಕಷ್ಟವಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಕೊಡಗಿನಲ್ಲಿ ಕೊಡವರಲ್ಲದವರೂ ಬಹಳ ಮಂದಿ ಇದ್ದಾರೆ. ಹುಟ್ಟನ್ನೇ ಆಧಾರವಾಗಿ ಇಟ್ಟುಕೊಂಡ ಕೂಟದಲ್ಲಿ ಅವರಿಗೆ ಪ್ರೇಕ್ಷಕರ ಸ್ಥಾನವೇ. ಇದನ್ನು ನೋಡಿಯೇ ಗೌಡ ಕುಟುಂಬಗಳು ತಮ್ಮದೇ ಕ್ರಿಕೆಟ್ ಪಂದ್ಯಾವಳಿ ನಡೆಸುತ್ತಿವೆ.

ಇನ್ನೊಂದು ಲೆಕ್ಕ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಕೊಡವ ಭಾಷೆಯನ್ನು ತಾಯಿನುಡಿ ಎಂದು ಬರೆಸಿದವರು 2001ರ ಜನಗಣತಿಯಲ್ಲಿ 1,66,187 ಮಂದಿ. 2011ರಲ್ಲಿ ಆ ಸಂಖ್ಯೆ 1,13,857ಕ್ಕೆ ಇಳಿದಿತ್ತು. ತಂಡಗಳ ಸಂಖ್ಯೆ ಮಾತ್ರ ಆರಂಭದ ವರ್ಷಕ್ಕಿಂತ ಬಹಳ ಏರಿದೆ. ಹೆಸರು ಬರೆಸುವ ಮನೆಗಳು ಹೆಚ್ಚುತ್ತಿವೆ, ಮಾತಾಡುವ ಬಾಯಿಗಳು ಕಡಿಮೆಯಾಗುತ್ತಿವೆ. ಹಾಗಾಗಿ ಮೈದಾನದ ಧ್ವನಿವರ್ಧಕದಲ್ಲಿ ಕೊಡವ ತಕ್ಕ್‌ನಲ್ಲಿ ಕೇಳಿಬರುವ ವೀಕ್ಷಕ ವಿವರಣೆಗೆ ಆಟದಷ್ಟೇ ಬೆಲೆಯಿದೆ. ನಗರದಲ್ಲಿ ಬೆಳೆದ ಮಗು ತನ್ನ ಒಕ್ಕದ ಹೆಸರನ್ನು ಅಷ್ಟು ಜೋರಾಗಿ, ಅದರದೇ ಭಾಷೆಯಲ್ಲಿ ಕೇಳುವ ಬೇರೆ ಜಾಗ ಯಾವುದಿದೆ?

ಆಟವೊಂದರಿಂದಲೇ ಭಾಷೆ ಉಳಿಯುತ್ತದೆ ಎಂದು ಯಾರೂ ಹೇಳಲಾರರು. ಊರಿಗೆ ಬಂದವರು ಪಂದ್ಯ ಮುಗಿದ ಮರುದಿನ ಬಸ್ಸು ಹತ್ತುತ್ತಾರೆ, ಕೊಡಿಹಬ್ಬ ಮುಗಿಸಿದ ನಮ್ಮವರಂತೆಯೇ. ಆದರೆ ‘ನೀನು ಯಾರ ಮನೆಯವ’ ಎಂಬ ಪ್ರಶ್ನೆಗೆ ಉತ್ತರ ಗೊತ್ತಿರುವ ಹುಡುಗ ಮುಂದಿನ ವರ್ಷ ಮತ್ತೆ ಬರುತ್ತಾನೆ. ಬರುವಾಗ ಹಾಕಿ ಕೋಲು ತರುತ್ತಾನೆ.