ಕಂದು ಹಲ್ಲಿಗೆ ‘ನ್ಯಾನೋ’ ಲೇಪ: ಹಾಕಿಸೋ ಮುನ್ನ ಕೇಳಿ!

ಚಳ್ಳಕೆರೆ-ಮೊಳಕಾಲ್ಮೂರು ಬಸ್ಸಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುವವರನ್ನು ನೋಡಿದ್ದೀರಾ? ಹಲ್ಲಿನ ಮೇಲಿನ ಕಂದು ಗೆರೆ ಮುಚ್ಚಿಕೊಳ್ಳೋಕೆ ಆ ಪಾಡು. ಕುಡಿಯುವ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಕೂಡದು ಎನ್ನುತ್ತದೆ ಸರ್ಕಾರಿ ಮಾನದಂಡ. ಈ ಎರಡು ತಾಲ್ಲೂಕುಗಳ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು ಮೀರಿದೆ. ಎಳೆಯ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಹಲ್ಲಿನ ಮೇಲ್ಪದರವೇ ಕೆಡುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಕಲೆ ಹೋಗೋದಿಲ್ಲ.

ಮದುವೆಗೆ ಬಂದ ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಚಿಂತೆಯಲ್ಲ. ಹಲ್ಲಿನ ಡಾಕ್ಟರ ಬಳಿ ಹೋದರೆ ‘ನ್ಯಾನೋ’ ಎಂಬ ಮಾತು ಕಿವಿಗೆ ಬೀಳುತ್ತದೆ.

ಏನಿದು ನ್ಯಾನೋ? ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರ್. ಆ ಅಳತೆಯ ಸಿಲಿಕಾ, ಜಿರ್ಕೋನಿಯಾ ಪುಡಿಯನ್ನು ರಾಳದಲ್ಲಿ ಕಲಸಿ ಹಲ್ಲಿಗೆ ಹಚ್ಚಿ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುತ್ತಾರೆ. ಬಣ್ಣ ಹಲ್ಲಿನದೇ, ಹೊಳಪು ಬಹಳ ದಿನ ನಿಲ್ಲುತ್ತದೆ. ಹಳೇ ಬೆಳ್ಳಿ ಫಿಲ್ಲಿಂಗಿನಂತೆ ಪಾದರಸವಿಲ್ಲ.

ನಮ್ಮ ಕುದಾಪುರದಲ್ಲೂ ಕ್ಯಾಂಪಸ್ಸಿರುವ ಭಾರತೀಯ ವಿಜ್ಞಾನ ಸಂಸ್ಥೆ ಇನ್ನೂ ಮುಂದೆ ಹೋಗಿದೆ. ಅದರ ಬೆಂಗಳೂರಿನ ಸಂಶೋಧಕರು 2022ರಲ್ಲಿ, ಕಿತ್ತ ಹಲ್ಲುಗಳೊಳಗೆ ತಿರುಪಿನಾಕಾರದ ನ್ಯಾನೋ ಕಣಗಳನ್ನು ಕಾಂತಬಲದಿಂದ 2 ಮಿಲಿಮೀಟರ್ ಆಳಕ್ಕೆ ನಡೆಸಿ, ಬಿಸಿ ಹುಟ್ಟಿಸಿ ಕ್ರಿಮಿ ಕೊಂದು ತೋರಿಸಿದರು.

ಹಾಗಾದರೆ ಅಪಾಯ ಎಲ್ಲಿದೆ? ಗಟ್ಟಿಯಾದ ಲೇಪದಲ್ಲಿ ಕಣ ಸಿಕ್ಕಿಕೊಂಡಿರುತ್ತದೆ. ಆದರೆ ಪಾಲಿಶ್ ಮಾಡುವಾಗ, ಹಳೇ ಲೇಪ ಕೊರೆದು ತೆಗೆಯುವಾಗ ಏಳುವ ನುಣ್ಣನೆ ದೂಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. ದಿನವಿಡೀ ಅಲ್ಲೇ ದುಡಿಯುವ ಡಾಕ್ಟರಿಗೂ ಸಹಾಯಕರಿಗೂ ಆ ದೂಳು ಹೆಚ್ಚು ತಗಲುತ್ತದೆ. ಬೆಳಕು ಸಾಲದೆ ರಾಳ ಹಸಿಯಾಗಿ ಉಳಿದರೆ ಅದು ಬಾಯಲ್ಲಿ ಸೋರಿ, ಕೆಲವರಿಗೆ ಅಲರ್ಜಿಯೂ ಆಗಬಹುದು.

ಆದ್ದರಿಂದ ಕೇಳಿ: “ಡಾಕ್ಟ್ರೇ, ನೀರು ಬಿಟ್ಕೊಂಡು ಉಜ್ತೀರಾ? ದೂಳು ಎಳೆಯೋ ಪೈಪ್ ಇಡ್ತೀರಾ? ಲೈಟು ಪೂರ್ತಿ ಹೊತ್ತು ಬಿಡ್ತೀರಾ?” ಮೊಳಕಾಲ್ಮೂರು ಸೀರೆಯ ಸೆರಗು ಬೆಳಕಿಗೆ ಹಿಡಿದು ನೋಡಿಯೇ ಕಾಸು ಬಿಚ್ಚುವ ನಮಗೆ ಇದರಲ್ಲಿ ಸಂಕೋಚವೇಕೆ?

ಇನ್ನೊಂದು ಮಾತು. ಲೇಪ ಕಲೆ ಮುಚ್ಚುತ್ತದೆ, ನೀರನ್ನು ಸರಿಮಾಡೋದಿಲ್ಲ. ಕುದಿಸಿದರೂ ಫ್ಲೋರೈಡ್ ಹೋಗದು. ಮನೆಯಲ್ಲಿ ಎಂಟು ವರ್ಷದೊಳಗಿನ ಕೂಸಿದ್ದರೆ, ಶುದ್ಧ ನೀರಿನ ಘಟಕದಿಂದ ತಂದ ಕೊಡದಲ್ಲಿ ಮೊದಲ ಲೋಟ ಅದಕ್ಕೇ ಕೊಡಿ.