ಟರ್ಬೋ ಕಾರಿನ ಒತ್ತಡವೂ ಅದರ ಮಿತಿಯೂ

ಏರಿಯನ್ನು ಬಲಪಡಿಸದೆ ಕೆರೆಯ ಕೋಡಿಯನ್ನು ಎತ್ತರಿಸಿದರೆ ಆಗುವ ಅನಾಹುತವನ್ನು ಗ್ರಾಮದ ಹಿರಿಯರಿಗೆ ಹೇಳಬೇಕಾದುದಿಲ್ಲ. ಟರ್ಬೋ ಕಾರಿಗೂ ಇದೇ ನ್ಯಾಯವು ಸಲ್ಲುತ್ತದೆ.

ಎಂಜಿನ್ನಿನಿಂದ ಹೊರಬೀಳುವ ಹೊಗೆಯು ಒಂದು ಚಕ್ರವನ್ನು ತಿರುಗಿಸುವುದು. ಅದೇ ಅಚ್ಚಿಗೆ ಸೇರಿದ ಮತ್ತೊಂದು ಚಕ್ರವು ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುವುದು. ಒತ್ತಡವು ಗೊತ್ತಾದ ಮಿತಿಯನ್ನು ಮುಟ್ಟಿದೊಡನೆ ವೇಸ್ಟ್‌ಗೇಟ್ ಎಂಬ ಬಾಗಿಲು ತೆರೆದು, ಹೊಗೆಯ ಒಂದು ಭಾಗವನ್ನು ಚಕ್ರಕ್ಕೆ ತಾಗದಂತೆ ಹೊರಗೆ ಬಿಡುವುದು. ಇದೇ ಟರ್ಬೋವಿನ ಕೋಡಿ.

ಸ್ವೀಡನ್ ದೇಶದ ಸಾಬ್ ಕಂಪನಿಯವರು 1977ರಲ್ಲಿ ಪ್ರದರ್ಶಿಸಿದ 99 ಟರ್ಬೋ ಕಾರಿನಲ್ಲಿ ಈ ಬಾಗಿಲನ್ನು ಇಟ್ಟುದಲ್ಲದೆ, ಹೆಚ್ಚಿನ ಒತ್ತಡವನ್ನು ಎಂಜಿನ್ನು ತಾಳಲೆಂದು ಅದರ ಸಂಕೋಚನ ಪ್ರಮಾಣವನ್ನೂ 7.2ಕ್ಕೆ ತಗ್ಗಿಸಿದ್ದರು. ಕಾರ್ಖಾನೆಯಿಂದ ಬಂದಂತೆಯೇ ಇರುವ ಎಂಜಿನ್ನಿನಲ್ಲಿ ಒತ್ತಡವನ್ನು ಮಾತ್ರ ಏರಿಸಿದರೆ, ಶಕ್ತಿಯೊಡನೆ ಶಾಖವೂ ಹೆಚ್ಚಿ, ಪೆಟ್ರೋಲು ಅಕಾಲದಲ್ಲಿ ಸಿಡಿದು, ಪಿಸ್ಟನ್ನು ಒಡೆಯುವ ಸಂಭವವುಂಟು.

ಆದುದರಿಂದ ಮಾಲೀಕರು ಬಾಗಿಲಿನ ಸ್ಪ್ರಿಂಗನ್ನು ಬಿಗಿ ಮಾಡಿಸಬಾರದು. ಗಾಳಿಯ ಒತ್ತಡದಿಂದಲೇ ತೆರೆಯುವ ಬಾಗಿಲುಗಳಲ್ಲಿ ರಬ್ಬರು ಕೊಳವೆಯು ಬಿರಿದರೆ ಅಥವಾ ಕಳಚಿದರೆ ಬಾಗಿಲು ತೆರೆಯದೆ ಒತ್ತಡವು ಮಿತಿಮೀರುವುದು. ಕೊಳವೆಯನ್ನು ಆಗಾಗ್ಗೆ ಪರೀಕ್ಷಿಸತಕ್ಕದ್ದು. ದಿಬ್ಬ ಹತ್ತುವಾಗ ಎಂಜಿನ್ನಿನಲ್ಲಿ ಟಣಟಣ ಬಡಿತವು ಕೇಳಿಬಂದರೆ ಕೂಡಲೇ ಆಕ್ಸಿಲರೇಟರನ್ನು ಸಡಿಲಿಸತಕ್ಕದ್ದು. ಅಧಿಕ ಶಕ್ತಿಯನ್ನು ಬಯಸುವವರು ಅದಕ್ಕೆಂದೇ ನಿರ್ಮಿಸಿದ ಎಂಜಿನ್ನುಳ್ಳ ಕಾರನ್ನು ಕೊಳ್ಳುವುದೇ ಲೇಸು.