ಮಾವಿನ ಸಾಗಣೆ: ನಷ್ಟ ತಗ್ಗಿಸುವ ಪ್ಯಾಕಿಂಗ್

ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳ ಬಾದಾಮಿ, ಸೇಂದೂರ ಮಾವು ತೋಟದಿಂದ ಹೊರಡುವಾಗ ಗಟ್ಟಿಯಾಗಿರುವುದರಿಂದ, ಸಾಗಣೆಯಲ್ಲಿ ಬಿದ್ದ ಪೆಟ್ಟು ಕೂಡಲೇ ಕಾಣುವುದಿಲ್ಲ. ಕಾಯಿ ಹಣ್ಣಾಗುವಾಗ ಆ ಭಾಗವೇ ಮೊದಲು ಕೊಳೆಯುತ್ತದೆ.

ಗೋಣಿಚೀಲದಲ್ಲಿ ತುಂಬಿದರೆ ಅಥವಾ ವಾಹನದಲ್ಲಿ ರಾಶಿ ಸುರಿದರೆ, ಮೇಲಿನ ಕಾಯಿಗಳ ಭಾರ ಕೆಳಗಿನವುಗಳನ್ನು ಜಜ್ಜುತ್ತದೆ. ಗಾಳಿಯಾಡದೆ ಶಾಖವೂ ಹೆಚ್ಚುತ್ತದೆ. ಕಿಂಡಿಗಳುಳ್ಳ ಪ್ಲಾಸ್ಟಿಕ್ ಕ್ರೇಟುಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಭಾರವನ್ನು ಕ್ರೇಟಿನ ಗೋಡೆಗಳೇ ಹೊರುತ್ತವೆ. ಅಂಚು ಮೀರಿ ತುಂಬಿದರೆ ಮಾತ್ರ ಈ ಪ್ರಯೋಜನ ದೊರೆಯದು. ಆದ್ದರಿಂದ ಎರಡು ಬೆರಳಿನಷ್ಟು ಜಾಗ ಬಿಡಬೇಕು.

ತೊಟ್ಟಿನ ಸೊನೆ ಸೋರಿಸಿ, ಕಾಯಿ ಒಣಗಿದ ಬಳಿಕ, ತಳಕ್ಕೆ ಕಾಗದ ಹಾಸಿ ತುಂಬಬೇಕು. ದೂರದ ಮಾರುಕಟ್ಟೆಗೆ ಗಾಳಿರಂಧ್ರಗಳುಳ್ಳ ರಟ್ಟಿನ ಪೆಟ್ಟಿಗೆ ಸೂಕ್ತ. ಬಲಿತ ಕಾಯಿಗಳನ್ನು ಶೀತಗೃಹದಲ್ಲಿ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಅದಕ್ಕಿಂತ ಹೆಚ್ಚು ತಂಪಾದರೆ ಸಿಪ್ಪೆ ಕಪ್ಪಾಗಿ, ಕಾಯಿ ಸರಿಯಾಗಿ ಮಾಗುವುದಿಲ್ಲ. ಕ್ರೇಟುಗಳನ್ನು ತೊಳೆದು ಒಣಗಿಸಿ ಹಲವು ಹಂಗಾಮುಗಳಿಗೆ ಬಳಸಬಹುದು.